ಬೇರಿನ ಮಣ್ಣು

ಪೊಲೀಸರು ಬಂದದ್ದು ಶೇಂಗಾ ಕೊಳ್ಳಲಿಕ್ಕಲ್ಲ.
ತಕ್ಕಡಿ ಕೇಳಿದರು. ತಕ್ಕಡಿ ಜೊತೆ ನಾನೂ ಜೀಪು ಹತ್ತಿದೆ,
ತೊಡೆಯ ಮೇಲೆ ಅದನ್ನಿಟ್ಟುಕೊಂಡು, ಕೂಸಿನ ಹಾಗೆ.
ಚಳ್ಳಕೆರೆ ದಾಟಿ, ಎಣ್ಣೆ ಗಿರಣಿಗಳ ಹಿಂಡಿ ವಾಸನೆ ದಾಟಿ,
ಬಲಕ್ಕೆ ತಿರುಗಿದರೆ ಒಂದು ಹಟ್ಟಿ.
ತೊಗರಿ ಸಾಲಿನ ನಡುವೆ ಒಂಬತ್ತು ಗಿಡ,
ಆಳೆತ್ತರ.
ತಾವು ಅಪರಾಧವೆಂದು ತಮಗೇ ಗೊತ್ತಿಲ್ಲದೆ ನಿಂತಿದ್ದವು.

ಬೇರು ಸಮೇತ ಕಿತ್ತರು.
ಹಿಂದಿನ ರಾತ್ರಿ ನೀರು ಕುಡಿದ ಎರೆಮಣ್ಣು
ಬೇರಿಗೆ ಮುದ್ದೆ ಮುದ್ದೆಯಾಗಿ ಅಂಟಿತ್ತು.
ಗೋಣಿಗೆ ತುರುಕಿ, ತೂಗು ಅಂದರು. ತೂಗಿದೆ.
ಇಪ್ಪತ್ತೆರಡು ಕೇಜಿ ನಾನೂರು ಗ್ರಾಂ.
ಸಾಹೇಬರು ಬರೆದುಕೊಂಡರು: ಗಾಂಜಾ.

ಮೂವತ್ತೊಂದು ವರ್ಷದಲ್ಲಿ
ಚೀಲದ ತೂಕ ಕಳೆಯದೆ ಒಂದು ಚೀಟಿ ಬರೆದವನಲ್ಲ ನಾನು.
ಅವತ್ತು ಬಾಯಿ ಬಿಡಲಿಲ್ಲ.

ಬದುವಿನ ಮೇಲೆ ಕುಕ್ಕರುಗಾಲಲ್ಲಿ ಗಾದ್ರಪ್ಪ:
'ಎರಡು ಕುರಿಯ ಹೊಟ್ಟೆಯುಬ್ಬರಕ್ಕೆ, ಒಂದು ನನ್ನ ಮಂಡಿಗೆ,
ಉಳಿದವು ತಾವೇ ಹುಟ್ಟಿದವು ಸ್ವಾಮಿ.'
ಆ ಉಳಿದ ಆರನ್ನು ನಾನೂ ನಂಬಲಿಲ್ಲ.
ಮಾರುತ್ತಿದ್ದ.
ಮಾರಲಿ, ಹಗಲಲ್ಲಿ ಮಾರಲಿ, ನನ್ನ ತಕ್ಕಡಿಯಲ್ಲಿ ಮಾರಲಿ
ಅಂತಲೇ ನಾನು ಹೇಳುತ್ತಿರುವುದು.

ಇಪ್ಪತ್ತು ದಾಟಿದರೆ ಹತ್ತು ವರ್ಷಕ್ಕೆ ಕಮ್ಮಿಯಿಲ್ಲವಂತೆ.
ಅಂದರೆ ಎರಡು ಕೇಜಿ ನಾನೂರು ಗ್ರಾಂ ಹೊಲ,
ಅವನದೇ ಹೊಲ,
ಅವನ ಮೇಲೆ ಸಾಕ್ಷಿ ಹೇಳಿತು.

ದುರ್ಗದ ಕೋರ್ಟಿನಲ್ಲಿ ಮೂರು ಸಲ ಕೂಗಿದರು,
ಬುಡೇನ್ ಸಾಬ್, ಬುಡೇನ್ ಸಾಬ್, ಬುಡೇನ್ ಸಾಬ್.
ಹೂವೆಷ್ಟು, ಕಾಂಡವೆಷ್ಟು, ಮಣ್ಣೆಷ್ಟು ಅಂದರು ವಕೀಲರು.
ಅಂಕಿ ನನ್ನದು ಸ್ವಾಮಿ, ಹೆಸರಿಟ್ಟವರು ಬೇರೆ ಅಂದೆ.
ಅಷ್ಟೇ ಅಂದೆ. ಕಟಕಟೆ ಇಳಿಯುವಾಗ ಕಾಲು ನಡುಗಿತು.
ನಮ್ಮಪ್ಪ ಹೇಳುತ್ತಿದ್ದ:
ತಕ್ಕಡಿ ಸುಳ್ಳಾಡಿಸಿದವನಿಗೆ
ಕಬರಿನಲ್ಲಿ ಮಣ್ಣು ದುಪ್ಪಟ್ಟು ಭಾರ.

ಸೇದಿದವನಲ್ಲ ನಾನು. ಕುಡಿದವನೂ ಅಲ್ಲ.
ತಂಗಿ ಮಗ ಜಿಲಾನಿ ಹದಿನೇಳಕ್ಕೇ ಸೇದಿ
ಗೋಡೆಯ ಜೊತೆ ಮಾತಾಡತೊಡಗಿದಾಗ
ದಾವಣಗೆರೆ ಆಸ್ಪತ್ರೆಯ ವರಾಂಡದಲ್ಲಿ ಹದಿಮೂರು ರಾತ್ರಿ ಮಲಗಿದವನು.
ಸೊಪ್ಪು ದೇವರಲ್ಲ, ಗೊತ್ತು.
ಆದರೆ ಕಾನೂನು ಇದ್ದಾಗಲೇ ಆದದ್ದಲ್ಲವೇ ಅದು?
ಶೌಚಾಲಯದ ಹಿಂದೆ ಪೊಟ್ಟಣ ಕೊಟ್ಟವನು
ವಯಸ್ಸೆಷ್ಟು ಮಗಾ ಅಂತ ಕೇಳಲಿಲ್ಲ.
ಬಸ್‌ಸ್ಟ್ಯಾಂಡ್ ಪಕ್ಕದ ಬ್ರಾಂಡಿ ಅಂಗಡಿಯವನಿಗಾದರೂ
ಗೋಡೆಯ ಮೇಲೆ ಲೈಸೆನ್ಸಿದೆ, ಬಾಗಿಲಿಗೆ ಗಂಟೆಯಿದೆ,
ಬಾಟಲಿಯ ಮೇಲೆ ಇಂತಿಷ್ಟೇ ಅಂತ ಬರೆದಿದೆ.
ಕತ್ತಲಿಗೆ ತಕ್ಕಡಿ ಇಲ್ಲ.

ಇನ್ನೊಂದು ಮಾತು, ದಿಲ್ಲಿಯವರಿಗೆ.
ನಮ್ಮೂರಿಂದ ಸ್ವಲ್ಪ ಹೋದರೆ ಆಂಧ್ರ.
ಇಲ್ಲೊಂದು ಸೇರು ಅಲ್ಲೊಂದು ಸೇರು ಇದ್ದ ಕಾಲ
ಅಪ್ಪನಿಗೆ ಗೊತ್ತು; ಗಡಿ ದಾಟುವಷ್ಟರಲ್ಲಿ
ಚೀಲವೇ ಕುಗ್ಗುತ್ತಿತ್ತು ಅನ್ನುತ್ತಿದ್ದ.
ಆಮೇಲೆ ಕೇಜಿ ಬಂತು, ಇಡೀ ದೇಶಕ್ಕೆ ಒಂದೇ.
ಹಳೇ ಕಲ್ಲುಗಳು ಬಾವಿಕಟ್ಟೆಯಲ್ಲಿ ಬಟ್ಟೆ ಅದುಮಿದವು.
ಬದಲಾಯಿಸುವುದಾದರೆ ಹಾಗೆ ಬದಲಾಯಿಸಿ.

ನನ್ನ ತಕ್ಕಡಿಗೆ ಮುದ್ರೆ ಹಾಕಿಸಲೇಬೇಕು,
ತಪ್ಪಿದರೆ ದಂಡ.
ಎಂಬತ್ತೈದನೇ ಇಸವಿಯಲ್ಲಿ ಎರಕ ಹೊಯ್ದ ಆ ಕಲ್ಲನ್ನು
ತಿರುಗಿ ತೂಗಿ ನೋಡಿದವರು ಯಾರು?

ಗಾದ್ರಪ್ಪ ಇನ್ನೂ ಒಳಗಿದ್ದಾನೆ. ಜಾಮೀನು ಆಗಿಲ್ಲ.
ಅವನ ಕುರಿಗಳನ್ನು ಈಗ ಯಾರು ಮೇಯಿಸುತ್ತಾರೋ ಕೇಳಿಲ್ಲ.

ಮೊನ್ನೆ ಸಂತೆ ದಿನ ಅವನ ಹೆಂಡತಿ ಬಂದಳು, ಚಿನ್ನಪಾಪಮ್ಮ.
ಅರ್ಧ ಕೇಜಿ ಶೇಂಗಾ ಅಂದಳು.
ತಟ್ಟೆಯನ್ನು ಎರಡು ಸಲ ಒರೆಸಿದೆ.
ಸೊನ್ನೆ ಬರುವ ತನಕ ಕಾದೆ.
ಐನೂರು ಆಯಿತು. ಕೈ ತಡೆಯದೆ
ಮತ್ತೊಂದು ಬೊಗಸೆ ಎತ್ತಿದೆ.

ಅಂಕಿಯನ್ನೇ ನೋಡುತ್ತ ನಿಂತಿದ್ದವಳು ಅಂದಳು:
'ಕೊಸರು ಬ್ಯಾಡ ಸಾಬ್ರೆ.
ತೂಕ ಇದ್ದಷ್ಟೇ ಹಾಕ್ರಿ.'