ದೋಣಿ ಎಂಬ ಊರಲ್ಲಿ

ಈ ಊರಿನ ಹೆಸರಿಗೆ ದೋಣಿ ಅಂತ ಅರ್ಥ.
ವುಚ್. ಬಿಸಿ ಚಹಾ ಊದಿದ ಹಾಗೆ ಹೇಳಬೇಕು.
ಬಂದ ದಿನವೇ ಕೇಳಿದೆ, ನದಿ ಎಲ್ಲಿ?
ಟ್ರಾಮಿನಲ್ಲಿ ಪಕ್ಕ ಕೂತವನು ಬೂಟುಗಾಲಿಂದ ತಳ ತಟ್ಟಿದ:
ಕೆಳಗಿದೆ. ಗಿರಣಿಗಳ ಕಾಲದಲ್ಲಿ ಕೊಳವೆಗೆ ತುಂಬಿ
ಮೇಲೆ ಕಲ್ಲು ಹಾಸಿಬಿಟ್ಟರು.

ನಾನು ಕಾನ್ ಥೋದವಳು.
ಅಮ್ಮ ಅಂಗಡಿ ಇಡುವುದೇ ನೀರಿನ ಮೇಲೆ.
ಗಳುವಿನ ತುದಿಗೆ ಅನಾನಸು ಕಟ್ಟಿದರೆ
ದೋಣಿಯಲ್ಲಿ ಅನಾನಸು ಇದೆ ಅಂತ. ಕುಂಬಳ ಕಟ್ಟಿದರೆ ಕುಂಬಳ.
ಮೋಟರಿನ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲ.
ತೆಂಗಿನ ಗರಿ ಕಟ್ಟಿದರೆ
ದೋಣಿಯೇ ಮಾರಾಟಕ್ಕೆ.
ಹೋದ ವರ್ಷ ಜೂನ್‌ನಲ್ಲಿ ದೊಡ್ಡ ದೋಣಿಗೆ ಗರಿ ಕಟ್ಟಿದೆವು.
ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.

ಜವಳಿ ವಿಭಾಗ, ಮೂರನೇ ಮಹಡಿ, ಒಂದು ಸೆಮಿಸ್ಟರ್.
ಡಾಕ್ಟರ್ ವೊಯ್ನಾರ್ ಹಾಜರಿ ಕರೆಯುತ್ತಾ ಬಂದು
ಒಂದು ಹೆಸರಿನ ಮುಂದೆ ಕೆಮ್ಮುತ್ತಾರೆ.
ಕೆಮ್ಮಿದರೆ ನಾನು. ಕೈ ಎತ್ತುತ್ತೇನೆ.
ಖ್ವೇ ಅನ್ನುವುದು ಅಷ್ಟೇನೂ ಕಷ್ಟವಲ್ಲ,
ಆದರೆ ಕೆಮ್ಮೂ ನನಗೆ ರೂಢಿಯಾಗಿದೆ.

ಕಷ್ಟ ಇದ್ದದ್ದು ಬೇರೆ ಕಡೆ.
ನಮ್ಮ ಮಾತಿನಲ್ಲಿ 'ನಾನು' ಒಂದೇ ಅಲ್ಲ.
ಅಮ್ಮನ ಮುಂದೆ ನಾನು ಕೊನ್, ಅಂದರೆ ಮಗು.
ಅಣ್ಣನ ಮುಂದೆ ಎಮ್, ತಂಗಿ.
ಪಕ್ಕದ ದೋಣಿಯ ಪೋರನಿಗೆ ಚಿ, ಅಕ್ಕ.
ಎದುರಿಗಿರುವವರು ಯಾರು ಅಂತ ತಿಳಿಯದೆ
ನಾನು ಯಾರು ಅಂತ ಹೇಳಲಾಗದು.
ಇಲ್ಲಿ ರಾಜನಿಗೂ ಬೆಕ್ಕಿಗೂ ಒಂದೇ 'ಯಾ'.
ಅದನ್ನೂ ಬಾಯಿ ಬಿಟ್ಟು ಅನ್ನಬೇಕಾಗಿಲ್ಲ,
ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ:
ಬಂದೆ. ತಿಂದೆ. ಮಲಗಿದೆ.
ಮೊದಲ ಎರಡು ತಿಂಗಳು ಕಳೆದದ್ದು ಹಾಗೆ,
ಬಾಲದಲ್ಲಿ.

ಬಾಡಿಗೆ ಮನೆಯ ಪಾನಿ ಝ್ಜಿಸ್ವಾವಾ
ಮೂವತ್ತೊಂದು ವರ್ಷ ಮಗ್ಗದ ಸಾಲಿನಲ್ಲಿ ನಿಂತವಳು.
ಕಿವಿಯನ್ನು ಗಿರಣಿ ಇಟ್ಟುಕೊಂಡಿತು,
ಪಿಂಚಣಿ ಕೊಟ್ಟಿತು. ಗಿರಣಿ ಈಗ ಮಾಲ್,
ಅವಳು ಆ ಕಡೆ ಕಾಲಿಡುವುದಿಲ್ಲ, ಲಿಫ್ಟ್ ಚೆನ್ನಾಗಿದೆಯಂತೆ ಅನ್ನುತ್ತಾಳೆ.
ಅಲ್ಲಿ ಹೆಂಗಸರೆಲ್ಲ ತುಟಿ ಓದಿಯೇ ಮಾತಾಡುತ್ತಿದ್ದರಂತೆ,
ಎಂಟು ಮಗ್ಗ ಆಚೆಗೆ ಗುಟ್ಟು, ಬೈಗುಳ, ಬಸಿರಿನ ಸುದ್ದಿ.
ಈಗಲೂ ಅವಳು ನನ್ನ ಕಣ್ಣು ನೋಡುವುದಿಲ್ಲ,
ಬಾಯಿ ನೋಡುತ್ತಾಳೆ.

ನವೆಂಬರಿನ ಒಂದು ರಾತ್ರಿ ಅಡುಗೆಮನೆಯಲ್ಲಿ
ಅಮ್ಮನಿಗೆ ಫೋನು ಹಚ್ಚಿದ್ದೆ.
ನನ್ನ ಮಾತಿಗೆ ಆರು ಸ್ವರ, ಏರು, ಇಳಿ, ಮುರಿ,
ತುಟಿಯಲ್ಲಿ ಅವು ಒಂದೂ ಕಾಣುವುದಿಲ್ಲ.
ಆಲೂಗಡ್ಡೆ ಸುಲಿಯುತ್ತಿದ್ದವಳು ಫೋನು ಇಟ್ಟೊಡನೆ ಅಂದಳು:
ಊಟ ಆಯ್ತು ಅಂದೆ ಅಲ್ವಾ. ಸುಳ್ಳು.
ನಮ್ಮ ಭಾಷೆ ನಿಮಗೆ ಬರುವುದಿಲ್ಲವಲ್ಲ, ಅಂದೆ.
ಸೂಪರ್‌ವೈಸರ್ ಬಂದಾಗ ಹುಷಾರಾಗಿದ್ದೀವಿ ಅಂತ
ನಾವೂ ಬಾಯನ್ನು ಹಾಗೇ ಇಟ್ಟುಕೊಳ್ಳುತ್ತಿದ್ದೆವು,
ಅಂದು ಹುಳಿಹಿಟ್ಟಿನ ಸಾರು ಬಡಿಸಿದಳು.
ಅದರೊಳಗೆ ಅರ್ಧ ಮೊಟ್ಟೆ ತೇಲುತ್ತಿತ್ತು.

ಗಂಟಲು ಕಟ್ಟಿತ್ತೋ ಏನೋ. ಬಾಯಿಗೆ ಬಂದದ್ದು
ಇಲ್ಲಿಯ ಬಾಲದ 'ನಾನು' ಅಲ್ಲ.
ಕೊನ್, ಅಂದುಬಿಟ್ಟೆ. ಮಗು ಉಣ್ಣುತ್ತದೆ, ಅನ್ನುವ ಹಾಗೆ.
ಸೌಟು ಗಾಳಿಯಲ್ಲೇ ನಿಂತಿತು.
ಕೊನ್ಯ್? ಕುದುರೆಯಾ? ಯಾವ ಕುದುರೆ?
ಇವರ ಭಾಷೆಯಲ್ಲಿ ಆ ತುಟಿಗೆ ಅದೇ ಅರ್ಥ.
ತಿದ್ದಿ ಹೇಳಲು ಹೋದೆ, ಪದ ಸಾಲಲಿಲ್ಲ.
ಕೈಯಲ್ಲಿ ಕೂಸು ತೂಗಿ ತೋರಿಸಿದೆ.
ಓ, ಕುದುರೆಮರಿ! ಅಂದಳು.
ಇಬ್ಬರೂ ನಕ್ಕು ನಕ್ಕು ಸಾರು ಆರಿಹೋಯಿತು.

ಫೆಬ್ರವರಿಯಲ್ಲಿ ಹಿಂತಿರುಗಬೇಕು.
ಪರೀಕ್ಷೆಯಲ್ಲಿ ಹಾಸು ಪಾಸು, ಹೊಕ್ಕು ಇನ್ನೊಮ್ಮೆ.
ಇವತ್ತೂ ಕತ್ತಲಾದ ಮೇಲೆ ಬೀಗ ತೆಗೆದೆ.
ಒಳಗಿಂದ ಕೂಗಿದಳು: ಕುದುರೆ ಬಂತಾ?
ಬೆನ್ನು ಹಾಕಿ ಬೂಟು ಬಿಚ್ಚುತ್ತಾ ಬಂದೆ ಅಂದೆ.
ಮತ್ತೆ ಕೇಳಿದಳು.
ನನಗೆ ನೆನಪಾಯಿತು.
ಎದ್ದು, ದೀಪದ ಕೆಳಗೆ ಹೋಗಿ,
ಮುಖ ಅವಳ ಕಡೆ ಮಾಡಿ,
ಹೇಳಿದೆ.