ದಾಳಿಂಬಿ ಬಣ್ಣದ್ದು

ರಾತ್ರಿ ಒಂಬತ್ತಕ್ಕ ಹರಾಜು.
ನವನಗರದ ಮನಿ, ಅಡಗಿ ಕೋಣಿ ಬಾಗಲಕ್ಕ ಹಗ್ಗ,
ಹಗ್ಗದ ಮ್ಯಾಲ ಸೀರಿ,
ಪೂರ್ಣಿ ಕೈಯಾಗ ಫೋನು.
"ನೋಡ್ರಿ ಅಕ್ಕಾರ, ಇಳಕಲ್ಲ ಕೈಮಗ್ಗ,
ಚಿಕ್ಕಿ ಪರಾಸ ದಡಿ, ಟೋಪ ತೆನಿ ಸೆರಗು,
ಒಬ್ಬರು ಉಟ್ಟದ್ದು.
ಇಲ್ಲೊಂದು ತೂತೈತಿ, ಕಡ್ಲಿಕಾಳಷ್ಟು,
ಬೆರಳು ಹಾಕಿ ತೋರಸಾಕತ್ತೀನಿ,
ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ.
ಮುನ್ನೂರರಿಂದ ಕೂಗ್ರಿ."

ಅಂಕಿ ಏರತಾವ, ನಿಂದರತಾವ.
ಒಬ್ಬಾಕಿ ದಿನಾ ಬರತಾಳ,
ಬರೇ ಕೆಂಪು ಹಾರ್ಟ್ ಒತ್ತತಾಳ, ರೊಕ್ಕ ಹೇಳೂದಿಲ್ಲ.

ಸೀರಿ ಹುಸೇನಬಿ ತರತಾಳ.
ಓಣಿ ಓಣಿ ತಿರಗಿ ಸ್ಟೀಲ್ ಡಬರಿ ಕೊಟ್ಟು
ಹಳೇ ಅರಿಬಿ ಒಯ್ಯೋ ಹೆಣಮಗಳು.
ಶುಕ್ರವಾರಕ್ಕೊಮ್ಮೆ ಗಂಟು ಬಿಚ್ಚತಾಳ,
ಯಾರ ಮನೀದು ಅಂತ ಕೇಳಿದರ
"ಡಬರಿಗೆ ಗೊತ್ತು" ಅಂತಾಳ.

ದಾಳಿಂಬಿ ಬಣ್ಣದ್ದು ಸಾವಿರದ ನೂರಾಐವತ್ತಕ್ಕ ಹೋತು,
ದಾಕ್ಷಾಯಿಣಿ ಹೂಗಾರ, ಮುಂಡರಗಿ,
ಹಿಟ್ಟಿನ ಗಿರಣಿ ಎದುರು, ನೀಲಿ ಗೇಟು.
ಒಂಬತ್ತನೇ ದಿನಕ್ಕ ತಿರುಗಿ ಬಂತು.
ಕಾರಣ: ಬಣ್ಣ ಫೋಟೋದಾಗಿದ್ದಂಗಿಲ್ಲ.

ವಾಪಸ್ ಬಂದದ್ದನ್ನ ವಿಡಿಯೋ ಹಚ್ಚೇ ಒಡೀಬೇಕು.
"ಚಾಲು ಐತಿ, ಕತ್ತರಿ ಹಾಕು" ಅಂದಳು ಪೂರ್ಣಿ.
ನೋಡಿದ ಕೂಡಲೇ ತಿಳೀತು, ಈ ಮಡಿಕಿ ನಂದಲ್ಲ.
ನಾ ಸೆರಗು ಒಳಗ ಮುಚ್ಚಿ ಎಂಟು ಮಡಚತೀನಿ,
ಇದನ್ನ ಯಾರೋ ಸೊಂಟ ಹಿಡಕೊಂಡು, ನಿಂತ ನಿಂತಲ್ಲೇ
ಹೆಂಗ ಬಂತು ಹಂಗ ಮಡಚ್ಯಾರ.
ಝಾಡಿಸಿದೆ.
ಅರಿಷಿಣ ಹತ್ತಿದ ಎರಡು ಅಕ್ಕಿಕಾಳು,
ಹಸರು ಬಳಿ ಚೂರು.
ಸೆರಗಿನ ತುದಿಗೆ ಮಾದಲಿ ತುಪ್ಪ, ರೂಪಾಯಿ ಅಗಲ.
ಪಿನ್ನಿನ ಗುರುತು ಇರೋ ಜಾಗಾದಾಗಿಲ್ಲ,
ಗೇಣು ಸರದೈತಿ:
ನಿರಿಗಿ ಕಡಿಮಿ, ಸುತ್ತು ಜಾಸ್ತಿ.
ಹೊಟ್ಟಿ ಮುಂದ ಬಂದವರು ಹಂಗ ಉಡತಾರ.

"ಕುಬುಸಕ್ಕ ಉಟ್ಟು ಕಳಿಸ್ಯಾಳ ಚಿಗವ್ವಾ!
ವಿಡಿಯೋ ಐತಿ, ತಕರಾರು ಹಾಕು."

ನನ್ನ ನೋಡಾಕ ಬಂದ ದಿನ
ಅವ್ವ ಅಂಬುತಾಯಿ ಮನಿಯಿಂದ ಸೀರಿ ಬೇಡಿ ತಂದಿದ್ದಳು.
ಕಿಲ್ಲಾ ಓಣಿ, ಈಗ ಅಲ್ಲಿ ಹಿನ್ನೀರು.
ಮರುದಿನ ಅದರ ಗೆರಿ ನೋಡಿ ನೋಡಿ
ಹಳೇ ಮಡಿಕಿಯಾಗೇ ಮಡಚಿ ಕೊಟ್ಟು ಬಂದೆ.
ಅಂಬುತಾಯಿ ಬಿಚ್ಚಿದಳು. ಮೂಸಿದಳು.
ಉಪ್ಪಿಟ್ಟಿನ ಎಣ್ಣಿ ಕಲಿ ಮ್ಯಾಲ
ಹೆಬ್ಬಟ್ಟು ಒಂದು ಸಲ ಆಡಿತು.
ಕೇಳಿದ್ದು ಇಷ್ಟ:
"ಗಂಡು ಒಪ್ಪಿದನೇನ?"

ರೊಕ್ಕ ತಿರುಗಿ ಹಾಕಿದೆ,
ಕೊರಿಯರಿನ ತೊಂಬತ್ತನಾಲ್ಕು ನನ್ನ ಕಿಸೇದ್ದು.
ದೊಡ್ಡ ಮನಸು ಅಂತೇನಲ್ಲ ಮತ್ತ.
ಹಾಕಿದ ಮರುಗಳಿಗೆ ಆ ಹೆಸರು ಬ್ಲಾಕ್ ಮಾಡೀನಿ,
ರಾತ್ರಿ ಎರಡು ಸಲ ಎದ್ದು ಬೈದೀನಿ.
ಅಂಟವಾಳಕಾಯಿ ನೆನಸಿ ಒಗದೆ,
ತುಪ್ಪದ ಕಲಿ ಪೂರ್ತಿ ಹೋಗಲಿಲ್ಲ.
ಮುಂದಿನ ಹರಾಜಿನಾಗ
"ಇಬ್ಬರು ಉಟ್ಟದ್ದು" ಅಂದೆ, ಎಂಟುನೂರಕ್ಕ ಮುಗೀತು.

ಮೂರೂವರಿ ತಿಂಗಳಾದ ಮ್ಯಾಲ
ಯಾರೂ ಕೂಗದ ಒಂದು ಗಂಟು ಹಿಡದೆ:
ಹರದ ಹತ್ತಿ ಸೀರಿ ನಾಲ್ಕು, ನೂರಾ ಇಪ್ಪತ್ತು.
ಮಲ್ಲೇಶಿ ಹೂಗಾರ ಅಂತ ಒಂದು ಹೊಸ ಹೆಸರು ಕೂಗಿತು,
ಕೂಗಿದವರ ಮ್ಯಾಲ ಯಾರೂ ಕೂಗಲಿಲ್ಲ.
ಕೆಳಗ ಬರದಿತ್ತು:
ಅಕ್ಕಾರ, ಮೆತ್ತಗ ಅದಾವಲ್ಲ?
ಭಾಳ ಸಲ ಒಗದದ್ದು ಬೇಕಾಗಿತ್ತು.
ವಿಳಾಸ: ಗಿರಣಿ ಎದುರು, ನೀಲಿ ಗೇಟು.

ಪೂರ್ಣಿ ನನ್ನ ಮಾರಿ ನೋಡಿದಳು.
ನಾ ನಾಲ್ಕೂ ಸೀರಿ ಕೆನ್ನಿಗೆ ಹಚ್ಚಿ ನೋಡಿದೆ,
ಬಿರುಸಾಗಿದ್ದೊಂದನ್ನ ತಗದು
ಬ್ಯಾರೇದು ಇಟ್ಟೆ.
"ವಾಪಸ್ ಇಲ್ಲ" ಅನ್ನೋ ಶಿಕ್ಕಾ ಕೈಯಾಗಿತ್ತು, ಒತ್ತಲಿಲ್ಲ,
ಯಾಕಂದರ ಮಸಿ ಒಣಗಿತ್ತು, ಅದೂ ಒಂದು.

ಆಮ್ಯಾಲ ಫೋನಿನಾಗ ಕೇಳಿದೆ:
ಹೆಣ್ಣೋ ಗಂಡೋ?
ಎರಡು ನೀಲಿ ಗುರುತು ಬಿದ್ದು ತಾಸಾತು,
ಉತ್ತರ ಇಲ್ಲ.
ಕೂಸು ಎದ್ದಿರಬೇಕು.