ಗುಡಿಸು

ಮನಾಮಾದ ಹಳೇ ಸ್ಮಶಾನದಲ್ಲಿ ನನಗೆ ಒಂಬತ್ತು ವಾರದ ಕೆಲಸ:
ಕಲ್ಲುಗಳ ಮೈಯ ಉಪ್ಪು ತೆಗೆಯುವುದು.
ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ, ಬಾಟಲಿಯ ಸಿಹಿನೀರು.
ಉಳಿ ತಾಗಿಸಕೂಡದು, ಒಂದು ಗೆರೆಯನ್ನೂ ಸೇರಿಸಕೂಡದು
ಅಂತ ಕಾಗದಕ್ಕೆ ಸಹಿ ಹಾಕಿದ್ದೇನೆ.

ಕಾರ್ಕಳದ ಕರಿಕಲ್ಲಿನಲ್ಲಿ ಪಳಗಿದ ಕೈ ಇದು.
ಇಲ್ಲಿಯದು ಕಲ್ಲೇ ಅಲ್ಲ, ಕಡಲ ತಳದಿಂದ ಕಿತ್ತ ಹವಳದ ಹಪ್ಪಳ.
ಜೋರಾಗಿ ಉಜ್ಜಿದರೆ ಹೆಸರೇ ಉದುರುತ್ತದೆ.

ಶಿಲುಬೆಯ ಕೆಳಗೆ ಒಬ್ಬ ಹಡಗಿನ ಅಡುಗೆಯವ, ಗೋವಾದವನಿರಬೇಕು.
ತಲೆ ಹೋದ ದೇವದೂತೆ, ಅವಳ ರೆಕ್ಕೆಯ ಮೇಲೆ
ಯಾರೋ ಒಣಹಾಕಿದ ಬನಿಯನ್ನು.
ಗೋಡೆಗೆ ಒರಗಿ, ಬಲದಿಂದ ಎಡಕ್ಕೆ ಓಡುವ ಅಕ್ಷರಗಳಲ್ಲಿ
ಬಾಗ್ದಾದಿನಿಂದ ಬಂದ ಯಹೂದಿ ಜವಳಿಯವರು.
ಬೇಲಿಯಾಚೆ ಏನೂ ಬರೆಯದ ಬೋಳು ಕಲ್ಲುಗಳು.
"ನಮ್ಮವರು," ಅಂದ ಕಾವಲಿನ ಶಾಹದಾದ,
"ದೇವರಿಗೆ ವಿಳಾಸ ಗೊತ್ತು. ನಿಮ್ಮವರೆಲ್ಲಿ?"

ನಮ್ಮವರನ್ನು ಸುಡುತ್ತಾರೆ ಮಾರಾಯ, ಇಲ್ಲಿ ಹೇಗೆ ಸಿಗುತ್ತಾರೆ, ಅಂದೆ.
ಅವನು ಕೈ ಹಿಡಿದು ಎಲಚಿ ಮರದ ಬುಡಕ್ಕೆ ಕರೆದೊಯ್ದ.

ಮೊಣಕಾಲೆತ್ತರವೂ ಇಲ್ಲದ ಆರು ಕಲ್ಲು.
ಗುಜರಾತಿ, ಸಿಂಧಿ, ಮತ್ತೆ ಗುಜರಾತಿ.
ಮರೆತೇಹೋಗಿತ್ತು ನನಗೆ:
ಹಲ್ಲು ಮೂಡದ ಕೂಸನ್ನು ಬೆಂಕಿಗೆ ಕೊಡುವುದಿಲ್ಲ.

ಆರನೆಯದರಲ್ಲಿ ಬ್ರಷ್ಷಿನಡಿ ಒಂದು ಕೊಂಬು ಕಂಡಿತು.
ನೀರು ಚಿಮುಕಿಸಿದೆ. ಕನ್ನಡ.

      ರುಕ್ಕು
      ೧೧ ದನ

ಹನ್ನೊಂದು ದನ!
ನಕ್ಕೆ. ಎಲ್ಲಿ ಕೂತಿದ್ದೇನೆ ಅಂತಲೂ ನೋಡದೆ ನಕ್ಕುಬಿಟ್ಟೆ.

ತಡವಾಗಿ ತಿಳಿಯಿತು. ಅಪ್ಪ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು
ಕನ್ನಡ ಕಂಡರಿಯದ ಯಾವನೋ ಇರಾನಿ ಕಲ್ಲುಕುಟಿಗ
ಬಳ್ಳಿ ಬಿಡಿಸಿದ ಹಾಗೆ ಬಿಡಿಸಿದ್ದಾನೆ.
ಎಷ್ಟು ಚಂದ ಆ ಒತ್ತು, ಎಷ್ಟು ಜತನದ ತಿರುವು!
ದಕಾರದ ನೆತ್ತಿಯಲ್ಲಿ ಮಾತ್ರ
ಗುಡಿಸು ಬರಬೇಕಾದಲ್ಲಿ ಬರಿ ತಲಕಟ್ಟು.

ಅಪ್ಪ ಬಂದು ನೋಡಿರಬೇಕು.
ಓದಿ, ಏನೂ ಅನ್ನದೆ
ಕೂಲಿ ಎಣಿಸಿ ಕೊಟ್ಟಿರಬೇಕು.

ಉಳಿ ಚೀಲದಲ್ಲೇ ಇತ್ತು. ಎರಡೇ ಏಟಿನ ಕೆಲಸ.
ಕಾಗದದ ಹೆದರಿಕೆಯಲ್ಲ;
ಅವನು ಸುಮ್ಮನೆ ಬಿಟ್ಟದ್ದನ್ನು ತಿದ್ದಲು ನಾನ್ಯಾರು?

ಬೆರಳದ್ದಿ ನೀರಿನಲ್ಲಿ ಗುಡಿಸು ಬರೆದೆ.
ಸುತ್ತು ಕೂಡುವ ಮೊದಲೇ ಬಿಸಿಲು ನೆಕ್ಕಿತು.
ಮತ್ತೆ ಬರೆದೆ.

"ಏನಂತೆ ಅದು?" ಶಾಹದಾದ ಬಗ್ಗಿದ.
ದಿನ, ಅಂದೆ. ಎಷ್ಟು ದಿನ ಇದ್ದಳು ಅಂತ.
ಅವನು ಬೆರಳು ಮಡಚಿ ತಾನು ಇಲ್ಲಿಗೆ ಬಂದು ಎಷ್ಟಾಯಿತೆಂದು
ಎಣಿಸತೊಡಗಿದ. ಎಡಗೈ ಮುಗಿಯಿತು, ಬಲಗೈ ಮುಗಿಯಿತು.

ನಾನು ಪೊರಕೆ ತಗೊಂಡು
ಎಲಚಿಯ ಎಲೆ ಗುಡಿಸಿದೆ.